ಹಿಡಿ ನಮ್ಮದು, ಅಲಗು ಪರಂಗಿಯದು: ಕಠಾರಿ ಅಸಲಿಯೇ?

ಕುಡುಗೋಲಿನ ಹಿಡಿ ಮುರಿದರೆ ಹೊಸದು ಹಾಕಿಸ್ತೀವಿ. ಅದನ್ನು ಯಾರೂ ನಕಲಿ ಕುಡುಗೋಲು ಅನ್ನೋದಿಲ್ಲ. ಅದೇ ಹಳೇ ಕಠಾರಿಯಲ್ಲಿ ಹಿಡಿಗೂ ಅಲಗಿಗೂ ತಾಳೆ ಇಲ್ಲ ಅಂದ್ರೆ ಕೊಳ್ಳೋಕೆ ಬಂದವನು ತಟ್ಟನೆ "ಇದು ಜೋಡಿಸಿದ್ದು" ಅಂತ ಗುಜರಿ ರೇಟಿಗೆ ಕೇಳ್ತಾನೆ. ಮನೆಯವರು ತಲೆಮಾರುಗಳಿಂದ ಆಯುಧಪೂಜೆಗೆ ಇಟ್ಟ ವಸ್ತುವನ್ನು ಕೊಟ್ಟೂ ಬಿಡ್ತಾರೆ. ಇನ್ನೊಂದು ಕಡೆ, ಮೊನ್ನೆ ಜೋಡಿಸಿದ್ದನ್ನು ಅರಮನೆಯದೆಂದು ನಂಬಿ ದುಡ್ಡು ಸುರಿಯುವವರೂ ಇದ್ದಾರೆ.

ಜೋಡಿಸಿದ್ದೆಲ್ಲ ಮೋಸವಲ್ಲ. ವಿಜಯನಗರ, ತಂಜಾವೂರು ಸೀಮೆಯ 16-17ನೇ ಶತಮಾನದ ಕಠಾರಿಗಳನ್ನೇ ನೋಡಿ. ಆಗ ಯುರೋಪಿನ ಕತ್ತಿ ಅಲಗುಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದವು. ಅವನ್ನು ಕತ್ತರಿಸಿ, ಇಲ್ಲಿಯ ಕಮ್ಮಾರರು ಮಾಡಿದ ಹಿಡಿಗೆ ಮೊಳೆ ಬಡಿದು ಕೂಡಿಸುತ್ತಿದ್ದರು. ಅಂಥವು ಈಗ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲೂ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲೂ ಇವೆ.

ಹಾಗಾಗಿ ಕೇಳಬೇಕಾದ ಮಾತು ಒಂದೇ: ಜೋಡಿಸಿದ್ದು ಯಾವಾಗ? ಬಳಸುವ ಕಾಲದಲ್ಲೋ, ಮಾರುವ ಕಾಲದಲ್ಲೋ?

ಮೊದಲು ಅಲಗು ನೋಡಿ. ನಮ್ಮ ಕಠಾರಿಯ ಅಲಗಿಗೆ ಸಾಮಾನ್ಯವಾಗಿ ಮೊನೆ ದಪ್ಪ. ಉಕ್ಕಿನ ಬಳೆಯಂಗಿಯನ್ನು ಸೀಳಲಿಕ್ಕೆ ಹಾಗೆ ಮಾಡ್ತಿದ್ರು. ಪರಂಗಿ ಅಲಗು ತೆಳು, ಮೈಮೇಲೆ ಉದ್ದನೆ ಗೀರುಗಾಲುವೆಗಳು. ಗೀರು ಹಿಡಿಯ ಹತ್ತಿರ ಅರ್ಧಕ್ಕೇ ಕಡಿದಂತಿದ್ದರೆ ಅದು ಉದ್ದ ಕತ್ತಿಯ ತುಂಡಿರಬಹುದು.

ಆಮೇಲೆ ಮೊಳೆ ನೋಡಿ. ಹಳೇ ಮೊಳೆಯ ತಲೆ ಸುತ್ತಲಿನ ಲೋಹದ ಜೊತೆಗೇ ಸವೆದಿರುತ್ತದೆ, ತುಕ್ಕಿನ ಬಣ್ಣವೂ ಒಂದೇ. ಮೊಳೆ ಹೊಳೆದರೆ, ಸಂದಿಯಲ್ಲಿ ವೆಲ್ಡಿಂಗ್ ಗಂಟು, ಗ್ರೈಂಡರ್ ಗೆರೆ ಕಂಡರೆ ಅಲ್ಲೇ ನಿಲ್ಲಿ. ಹಳೇ ತುಕ್ಕು ಕಪ್ಪುಗಂದು, ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಆಸಿಡ್ ಹಾಕಿ ಎಬ್ಬಿಸಿದ ತುಕ್ಕು ಹೊಲಕ್ಕೆಲ್ಲ ಒಂದೇ ಸಮ ಬಿದ್ದ ಮಳೆಯಂಗೆ.

ಅಲಗಿನ ಮೇಲಿನ ಮುದ್ರೆಯೊಂದನ್ನೇ ನಂಬಬೇಡಿ. "ಆಂಡ್ರಿಯಾ ಫೆರಾರಾ" ಎಂಬ ಹೆಸರು, ಓಡುವ ತೋಳದ ಗುರುತು, ಇವನ್ನು ಯುರೋಪಿನಲ್ಲೇ ಆ ಕಾಲಕ್ಕೇ ಬೇರೆಯವರು ನಕಲು ಹೊಡೀತಿದ್ರು. ಒರೆ ಹೊಸದಾಗಿದ್ದರೆ ಗಾಬರಿ ಬೇಡ. ಮರ, ಬಟ್ಟೆ, ತೊಗಲು ಕೊಳೆಯುತ್ತವೆ, ಬದಲಾಗುತ್ತವೆ.

ಮಾರುವವರಿಗೆ ಒಂದು ಮಾತು. ಉಪ್ಪುಕಾಗದ ಹಾಕಿ ತಿಕ್ಕಬೇಡಿ. ತಿಕ್ಕಿದರೆ ಸಾಕ್ಷಿಯೇ ಹೋಯ್ತು. ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿದರೆ ಸಾಕು. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರ ನಡೆಸಲು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಕೊಳ್ಳುವವರು ರಸೀದಿಯಲ್ಲಿ ಬರೆಸಿಕೊಳ್ಳಿ: ಹಿಡಿ ಎಲ್ಲಿಯದು, ಅಲಗು ಎಲ್ಲಿಯದು, ಜೋಡಣೆ ಹಳೆಯದೋ ಹೊಸದೋ. ಬರೆದುಕೊಡಲು ಹಿಂದೆಮುಂದೆ ನೋಡುವವನ ಹತ್ತಿರ ವ್ಯವಹಾರ ಬೇಡ.