ಅರಿಸಿನ ತಾನೆ!

ನಮ್ಮ ಮನೆ ಇರುವುದು ಜ್ಞಾನಭಾರತಿಯ ಮಗ್ಗುಲಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯವು 1973ರಲ್ಲಿ ಸಾವಿರ ಎಕರೆಗೂ ಮೀರಿದ ಈ ಬಯಲಿಗೆ ಬಂದು ನೆಲೆಸಿದ್ದು ವಿದ್ಯಾರ್ಥಿಗಳ ಪುಣ್ಯವೋ ಏನೋ, ನಮ್ಮಂಥ ನಿವೃತ್ತರ ಪುಣ್ಯವಂತೂ ಹೌದು. ಬೆಳಗಿನ ಹೊತ್ತು ಅಲ್ಲಿಯ ಮರಗಳ ಕೆಳಗೆ ಎರಡು ಮೈಲಿ ನಡೆಯುವುದು, ನಡೆಯುತ್ತ ಒಬ್ಬರಿಗೊಬ್ಬರು ಔಷಧ ಹೇಳಿಕೊಳ್ಳುವುದು ನಮ್ಮ ದಿನಚರಿ. ಆ ಗುಂಪಿನಲ್ಲಿ ವೈದ್ಯರಲ್ಲದವರು ಯಾರೂ ಇಲ್ಲ.

ಹೋದ ವರ್ಷ ಈ ವೈದ್ಯಮಂಡಲಿಯ ಪರಮೌಷಧವಾಗಿದ್ದುದು ಅರಿಸಿನ. ನನ್ನ ಮಿತ್ರರೊಬ್ಬರು, ಇಂಜಿನಿಯರಾಗಿ ದುಡಿದು ಲೆಕ್ಕವಿಲ್ಲದೆ ಹೆಜ್ಜೆಯಿಡದವರು, ಮಂಡಿನೋವಿಗೆಂದು ಅರಿಸಿನದ ಸತ್ತ್ವದ ಗುಳಿಗೆಗಳನ್ನು ತರಿಸಿ ದಿನಕ್ಕೆರಡರಂತೆ ನುಂಗತೊಡಗಿದರು. ನನಗೂ ಒಂದು ಸೀಸೆ ಕೊಡಲು ಬಂದರು. “ವೈದ್ಯರನ್ನು ಒಂದು ಮಾತು ಕೇಳಬೇಡವೆ?” ಎಂದೆ.

“ಇದೇನು ಮದ್ದೇ, ಮೇಷ್ಟ್ರೇ? ಅರಿಸಿನ ತಾನೆ!” ಎಂದು ನಕ್ಕರು.

ನಾನೂ ನಕ್ಕು ಸುಮ್ಮನಾದೆ. ಅರಿಸಿನದ ವಿಷಯದಲ್ಲಿ ಎದುರಾಡುವುದು ನನಗೆ ಕಷ್ಟ. ನಾನು ಬೆಳೆದದ್ದು ಗುಂಡ್ಲುಪೇಟೆಯ ಕಡೆ. ಕಿತ್ತ ಗೆಡ್ಡೆಗಳನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುವಾಗ ಏಳುತ್ತಿದ್ದ ಹಬೆಯ ವಾಸನೆ ಇಡೀ ಊರನ್ನು ತುಂಬುತ್ತಿತ್ತು. ಆಮೇಲೆ ಹತ್ತು ಹದಿನೈದು ದಿನ ಕಣದ ತುಂಬ ಹರಡಿದ ಕೊಂಬುಗಳು. ಬೆರಳಿನಿಂದ ಮುರಿದರೆ ಟಣ್ಣೆಂದು ಸದ್ದಾಗಬೇಕು, ಆಗಲೇ ಒಣಗಿತೆಂದು ಅರ್ಥ. ನಮ್ಮಮ್ಮ ಈಳಿಗೆಮಣೆಯಿಂದ ಬೆರಳು ಕೊಯ್ದುಕೊಂಡರೆ ಅರಿಸಿನ ಮೆತ್ತುತ್ತಿದ್ದರು. ನೆಗಡಿಗೆ ಅರಿಸಿನದ ಹಾಲು, ಗಂಟಲು ಕಟ್ಟಿದರೆ ಉಪ್ಪು ಅರಿಸಿನ ಹಾಕಿದ ಬಿಸಿನೀರಿನ ಮುಕ್ಕಳಿಕೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ರಕ್ತವರ್ಣವಾಗುವುದನ್ನು ಬೆರಗಿನಿಂದ ನೋಡುತ್ತಿದ್ದೆ. ಕ್ಷಾರವನ್ನು ಗುರುತಿಸಲು ಪ್ರಯೋಗಶಾಲೆಯಲ್ಲಿ ಬಳಸುವ ಅರಿಸಿನದ ಕಾಗದವೂ ಅದೇ ತತ್ತ್ವದ್ದೆಂದು ತಿಳಿದದ್ದು ಹೈಸ್ಕೂಲಿನಲ್ಲಿ.

ಹೆಮ್ಮೆಗೂ ಕಾರಣವುಂಟು. ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕೆಯ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ದೊರೆತಾಗ, ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಪೇಟೆಂಟು ರದ್ದಾಯಿತು. ನಮ್ಮ ಅಜ್ಜಿಯರು ಗೆದ್ದರು. ಆದರೆ ಅಜ್ಜಿಯರು ಎಂದೂ ಗುಳಿಗೆ ನುಂಗಿದವರಲ್ಲ ಎಂಬುದನ್ನು ಆ ಸಂಭ್ರಮದಲ್ಲಿ ನಾವು ಮರೆತೆವು.

ಮೂರು ತಿಂಗಳಾಗಿರಬಹುದು, ಮಿತ್ರರು ನಡಿಗೆಗೆ ಬರುವುದು ನಿಂತಿತು. ಮನೆಗೆ ಹೋಗಿ ನೋಡಿದರೆ ಕಣ್ಣು ಹಳದಿ, ಉಗುರು ಹಳದಿ, ಅನ್ನ ಕಂಡರೆ ಓಕರಿಕೆ. ಅರಿಸಿನ ಕಾಮಾಲೆ! ಆ ಹೆಸರಿನ ವ್ಯಂಗ್ಯಕ್ಕೆ ನಗುವ ಸ್ಥಿತಿ ಅಂದು ಯಾರಿಗೂ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಕಾಮಾಲೆಯ ಮಾಮೂಲಿ ರೋಗಾಣುಗಳಾವುವೂ ಕಾಣಲಿಲ್ಲ. “ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?” ಎಂದು ವೈದ್ಯರು ಎರಡು ಸಲ ಕೇಳಿದರೂ ಇವರು ಇಲ್ಲವೆಂದೇ ಹೇಳಿದ್ದರಂತೆ. ಸುಳ್ಳಾಡುವ ಮನುಷ್ಯರಲ್ಲ, ಅವರ ಎಣಿಕೆಯಲ್ಲಿ ಅದು ಔಷಧವೇ ಅಲ್ಲ. ಕೊನೆಗೆ ಅವರ ಮನೆಯವರು ಆ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿ ತಂದು ವೈದ್ಯರ ಮೇಜಿನ ಮೇಲಿಟ್ಟರು. “ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ. ಮೊದಲು ನಿಲ್ಲಿಸಿ, ನೋಡೋಣ” ಎಂದರು ವೈದ್ಯರು. ನಿಲ್ಲಿಸಿದ ಮೇಲೆ ಕಣ್ಣು ಬೆಳ್ಳಗಾಗಲು ಏಳು ವಾರ ಹಿಡಿಯಿತು.

ಸಾರಿನಲ್ಲಿ ಸಾಧುವಾಗಿರುವ ಅರಿಸಿನ ಸೀಸೆಯಲ್ಲಿ ಏಕೆ ಹೀಗೆ? ಲೆಕ್ಕ ಹಾಕಿ ನೋಡಿದೆ. ಅರಿಸಿನದ ಹಳದಿಗೆ ಕಾರಣವಾದ ಕರ್ಕುಮಿನ್ ಎಂಬ ವಸ್ತು ಪುಡಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಒಂದು ಚಮಚ ಪುಡಿಯಲ್ಲಿ 100 ಮಿಲಿಗ್ರಾಮೂ ಸಿಕ್ಕದು. ಅದರಲ್ಲೂ ಹೆಚ್ಚಿನ ಪಾಲನ್ನು ಕರುಳೂ ಪಿತ್ತಜನಕಾಂಗವೂ ಕೂಡಲೇ ಮಾರ್ಪಡಿಸಿ ಹೊರಹಾಕುತ್ತವೆ. ಇದಕ್ಕೊಂದು ಉಪಾಯ ಕಂಡವರು ನಮ್ಮ ಊರಿನವರೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕುಮಿನನ್ನು ಹಾಗೆಯೇ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟು. ಜೊತೆಗೆ ಮೆಣಸಿನ ಸತ್ತ್ವವಾದ ಪಿಪೆರಿನನ್ನು ಕೇವಲ 20 ಮಿಲಿಗ್ರಾಂ ಸೇರಿಸಿದಾಗ ಶೇಕಡ 2000ದಷ್ಟು ಏರಿಕೆ. ಗುಳಿಗೆ ತಯಾರಿಸುವವರು ಈ ಮಾತನ್ನು ಬಿಟ್ಟಾರೆಯೇ? ದೇಹವು ತಾನಾಗಿ ಮುಚ್ಚಿಕೊಂಡಿದ್ದ ಬಾಗಿಲನ್ನು ಮೆಣಸಿನ ಕೀಲಿಯಿಂದ ತೆರೆದರು. ಮಿತ್ರರ ಸೀಸೆಯ ಮೇಲೂ, ಭೂತಗನ್ನಡಿ ಹಿಡಿದರೆ ಕಾಣುವಂತೆ, ಮೆಣಸಿನ ಹೆಸರಿತ್ತು.

ಅಮೆರಿಕೆಯ ತಜ್ಞರು 2022ರಲ್ಲಿ, ಅರಿಸಿನದ ಗುಳಿಗೆಗಳಿಂದ ಪಿತ್ತಜನಕಾಂಗ ಕೆಟ್ಟ ಹತ್ತು ಮಂದಿಯ ವಿವರ ಪ್ರಕಟಿಸಿದರು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಏಳು ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಎಂದರೆ ಎಲ್ಲರಿಗೂ ಹೀಗಾಗುವುದಿಲ್ಲ. ಲಕ್ಷಾಂತರ ಮಂದಿ ನುಂಗಿ ಸುಖವಾಗಿಯೇ ಇದ್ದಾರೆ. ಆದರೆ ಯಾರಿಗೆ ಆಗುತ್ತದೆಂದು ನುಂಗುವ ಮುನ್ನ ಹಣೆಯ ಮೇಲೆ ಬರೆದಿರುವುದಿಲ್ಲ. ಮಂಡಿನೋವಿಗೆ ಅದರಿಂದ ಕೊಂಚ ಉಪಶಮನವುಂಟೆಂದು ಕೆಲವು ಪ್ರಯೋಗಗಳು ಹೇಳುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಪಶಮನ ಕೊಡುವ ಶಕ್ತಿಯಿದ್ದರೆ ಅದು ಔಷಧವೇ ಆಯಿತು. ಔಷಧವಾದ ಮೇಲೆ ಅದನ್ನು ವೈದ್ಯರ ಮುಂದೆ ಹೇಳದಿರುವುದೇಕೆ?

ಅಡುಗೆಮನೆಯ ಅರಿಸಿನವನ್ನೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಬಣ್ಣ ಕಟ್ಟಲೆಂದು ಸೀಸದ ಕ್ರೋಮೇಟ್ ಬೆರೆಸುವುದು ಬಾಂಗ್ಲಾದೇಶದಲ್ಲಿ ನಡೆಯುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಬಯಲಿಗೆಳೆದರು. ಸೀಸವು ಮಕ್ಕಳ ಮಿದುಳಿಗೆ ವಿಷ. ನನ್ನ ಹೆಂಡತಿ ಈಗಲೂ ಕೊಂಬನ್ನೇ ಕೊಂಡು, ತೊಳೆದು ಒಣಗಿಸಿ, ಗಿರಣಿಗೆ ನನ್ನನ್ನೇ ಅಟ್ಟುತ್ತಾಳೆ. ಮೊದಲೆಲ್ಲ ಗೊಣಗುತ್ತಿದ್ದೆ.

ಮಿತ್ರರು ಮತ್ತೆ ನಡಿಗೆಗೆ ಬರುತ್ತಿದ್ದಾರೆ. ಅಂಗಿಯ ಜೇಬಿನಲ್ಲಿ ಮಡಿಸಿದ ಒಂದು ಕಾಗದವಿರುತ್ತದೆ. ತಾವು ಸೇವಿಸುವುದೆಲ್ಲವನ್ನೂ ಅದರಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸುತ್ತಾರೆ, ಕಷಾಯದ ಪುಡಿಯನ್ನೂ ಬಿಡದೆ. ಮೊನ್ನೆ ಗುಂಪಿಗೆ ಹೊಸದಾಗಿ ಬಂದವರೊಬ್ಬರು ನೆಲ್ಲಿಕಾಯಿಯ ಗುಳಿಗೆಯ ಗುಣಗಾನ ಮಾಡುತ್ತಿದ್ದಾಗ ಇವರು ಕೈಚಾಚಿ ಸೀಸೆ ಕೇಳಿ ಪಡೆದು, ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತ ಅರ್ಧ ಫರ್ಲಾಂಗು ನಡೆದರು. ಮಂಡಿನೋವು ಮಾತ್ರ ಹಾಗೆಯೇ ಇದೆಯಂತೆ.