ಉರಿಮೂತ್ರವೆಲ್ಲ ಬಿಸಿಲಿನದಲ್ಲ

ರಾಯಚೂರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸತಲ್ಲ. ಆ ದಿನಗಳಲ್ಲಿ ಯಾರಿಗೆ ಉರಿಮೂತ್ರ ಕಾಣಿಸಿಕೊಂಡರೂ ‘ಉಷ್ಣವಾಗಿದೆ’ ಎಂಬುದೊಂದೇ ವಿವರಣೆ. ಮಜ್ಜಿಗೆ, ಎಳನೀರು, ಕೊತ್ತಂಬರಿ ಬೀಜದ ನೀರು ಮನೆಮನೆಯ ಉಪಚಾರ. ಹಲವು ಸಲ ಅಷ್ಟರಲ್ಲೇ ಉಪಶಮನವಾಗುವುದೂ ಉಂಟು. ಆದರೆ ನರಳುತ್ತಿರುವವರು ಮಹಿಳೆಯಾಗಿದ್ದು, ಆಕೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಎಳನೀರನ್ನು ನಂಬಿ ಕೂರುವುದು ಅಪಾಯಕಾರಿ.

ಈ ಸೋಂಕಿಗೆ ಬಹುಪಾಲು ಕಾರಣ ನಮ್ಮ ಕರುಳಿನಲ್ಲೇ ನೆಲೆಸಿರುವ ಇ. ಕೋಲಿ ಬ್ಯಾಕ್ಟೀರಿಯಾ. ಮೂತ್ರಕೋಶದಿಂದ ಹೊರಬರುವ ನಾಳ ಪುರುಷರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ ಮಹಿಳೆಯರಲ್ಲಿ ಸುಮಾರು 4 ಮಾತ್ರ. ರೋಗಾಣು ಅಷ್ಟು ಸಲೀಸಾಗಿ ಒಳಸೇರುತ್ತದೆ. ಋತುಬಂಧದ ನಂತರ ಈಸ್ಟ್ರೊಜೆನ್ ಕುಗ್ಗಿದಾಗ ಇದ್ದ ರಕ್ಷಣೆಯೂ ಸಡಿಲವಾಗುತ್ತದೆ. ಗಂಡಸರು ನಿಶ್ಚಿಂತರೆಂದಲ್ಲ, ಅರವತ್ತರ ಆಚೆ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರ ಪೂರ್ತಿ ಹೊರಹೋಗದಾದಾಗ ನನ್ನ ವಯಸ್ಸಿನವರೂ ಈ ಸಾಲಿಗೆ ಸೇರುತ್ತೇವೆ.

ಇದರ ಮೇಲೆ ಮಧುಮೇಹ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ಮೀರಿದರೆ ಮೂತ್ರದಲ್ಲಿ ಇಳಿಯತೊಡಗುತ್ತದೆ. ಬಿಳಿ ರಕ್ತಕಣಗಳ ಹೋರಾಟದ ಶಕ್ತಿ ತಗ್ಗುತ್ತದೆ. ವರ್ಷಗಳು ಕಳೆದಂತೆ ನರಗಳು ಸೊರಗಿ, ಮೂತ್ರಕೋಶ ಪೂರ್ಣ ಬರಿದಾಗುವುದಿಲ್ಲ. ಸಕ್ಕರೆ ಹೆಚ್ಚಿದಾಗ ಮೂತ್ರಕೋಶದ ಒಳಪದರವನ್ನು ಕಾಯುವ ಸೋರಿಯಾಸಿನ್ ಎಂಬ ವಸ್ತುವೇ ಕಡಿಮೆಯಾಗುತ್ತದೆಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2022ರಲ್ಲಿ ತೋರಿಸಿದರು. ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು. ಇದನ್ನು ನಗರದವರ ಕಾಯಿಲೆ ಎನ್ನುವ ಕಾಲ ಮುಗಿದಿದೆ.

ದೇಹರಚನೆಯನ್ನು ಬದಲಿಸಲಾಗದು, ಒಪ್ಪೋಣ. ಆದರೆ ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವ, ಮಾನ್ವಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಮರೆಯ ಜಾಗವಿಲ್ಲದೆ ಸಂಜೆಯವರೆಗೆ ತಡೆದುಕೊಳ್ಳುವುದು ದೇಹರಚನೆಯ ದೋಷವಲ್ಲ. ಸೇವೆಯಲ್ಲಿದ್ದಾಗ ತಪಾಸಣೆಗೆ ಹೋದ ಕಚೇರಿಯೊಂದರಲ್ಲಿ ಮಹಿಳಾ ಗುಮಾಸ್ತರೊಬ್ಬರು ಚಹಾ ಬೇಡವೆಂದರು, ನೀರೂ ಬೇಡವೆಂದರು. ಅಲ್ಲಿದ್ದ ಒಂದೇ ಶೌಚಾಲಯದ ಬೀಗದ ಕೈ ಸಾಹೇಬರ ಬಳಿ ಇರುತ್ತಿತ್ತೆಂದು ಆಮೇಲೆ ತಿಳಿಯಿತು. ನನ್ನ ತಪಾಸಣಾ ವರದಿಯಲ್ಲಿ ಕಡತಗಳ ವಿಲೇವಾರಿಯ ಬಗ್ಗೆ ಪುಟಗಟ್ಟಲೆ ಇತ್ತು, ಬೀಗದ ಬಗ್ಗೆ ಒಂದು ಸಾಲೂ ಇರಲಿಲ್ಲ.

ದೇವದುರ್ಗ, ಮಾನ್ವಿಗಳನ್ನು ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು. ಈಗ ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡವನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಲಾಗುತ್ತದೆ. ಸಕ್ಕರೆ ಹೆಚ್ಚಿರುವ ಮಹಿಳೆಗೆ ‘ಉರಿಮೂತ್ರ ಇದೆಯೇನಮ್ಮಾ?’ ಎಂಬ ಇನ್ನೊಂದು ಪ್ರಶ್ನೆಯನ್ನು ಆಶಾ ಕಾರ್ಯಕರ್ತೆ ಕೇಳಬಹುದು. ಹೌದೆಂದರೆ ಮೂತ್ರ ಪರೀಕ್ಷೆ. ಲಕ್ಷಣವೇ ಇಲ್ಲದವರ ಮೂತ್ರದಲ್ಲಿ ರೋಗಾಣು ಕಂಡಿತೆಂದು ಮಾತ್ರೆ ನುಂಗಿಸುವುದು ಮಧುಮೇಹಿಗಳಿಗೂ ಸಾಮಾನ್ಯವಾಗಿ ಅನಗತ್ಯ. ಅಂಗಡಿಯಿಂದ ಎರಡು ದಿನದ ಆ್ಯಂಟಿಬಯಾಟಿಕ್ ತಂದು ನಿಲ್ಲಿಸುವುದಂತೂ ಬ್ಯಾಕ್ಟೀರಿಯಾಕ್ಕೆ ಪಾಠ ಹೇಳಿಕೊಟ್ಟಂತೆ.

ಉರಿಯ ಜೊತೆ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡ ತಲುಪಿರಬಹುದು. ಆಗ ತಾಲ್ಲೂಕು ಆಸ್ಪತ್ರೆಗೆ ಅಂದೇ ಹೋಗಬೇಕು. ಕೂಲಿ ತಪ್ಪೀತೆಂದು ಸಂತೆಯ ದಿನದವರೆಗೆ ಕಾದರೆ ಮುಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಹಂಗಾಮಿನ ಕೂಲಿಯೇ ಕರಗಬಹುದು.