ನೆರೆಮನೆಯ ವೈಫೈ: ಕೇಳಿ ಬಳಸಿರಿ, ಕೀಲಿ ಹಾಕಿ ಕೊಡಿರಿ

ಮುಂಗಾರು ಬೆಳೆ ಸಮೀಕ್ಷೆಯ ದಿನಗಳು ಬಂದವೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಒಂದು ನೋಟ ಸಾಮಾನ್ಯವಾಗಿದೆ. ಓಣಿಯಲ್ಲಿ ಯಾರ ಮನೆಗೆ ಇಂಟರ್‌ನೆಟ್ ಸಂಪರ್ಕ ಬಂದಿದೆಯೋ ಆ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಜನ ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಹಗಲಲ್ಲಿ ಹೊಲಕ್ಕೆ ಹೋಗಿ ತೆಗೆದ ಹೆಸರು, ಹತ್ತಿ, ಮೆಣಸಿನ ಗಿಡದ ಚಿತ್ರಗಳನ್ನು ಸಮೀಕ್ಷೆಯ ಆ್ಯಪ್‌ಗೆ ಏರಿಸುವುದು ಅವರ ಕೆಲಸ. ಮನೆಯ ಯಜಮಾನರು ಒಳಗೆ ಊಟಕ್ಕೆ ಕುಳಿತಿರಲಿ, ಪರಊರಿಗೆ ಹೋಗಿರಲಿ, ಹೊರಗಿನ ಕೆಲಸ ನಿಲ್ಲುವುದಿಲ್ಲ. ಏಕೆಂದರೆ ಆ ಮನೆಯ ವೈಫೈಗೆ ಪಾಸ್‌ವರ್ಡ್ ಇಲ್ಲ. ಇದ್ದರೂ ಅದು ಇಡೀ ಓಣಿಗೆ ಗೊತ್ತು. ಈಗಿನ ಪೆಟ್ಟಿಗೆಗಳು ಪಾಸ್‌ವರ್ಡ್ ಸಹಿತವಾಗಿಯೇ ಬರುತ್ತವೆ. ಸಲಸಲಕ್ಕೂ ಒತ್ತುವುದು ತ್ರಾಸು ಎಂದು ಅದನ್ನು ತೆಗೆಸಿದವರೂ ನಮ್ಮಲ್ಲಿದ್ದಾರೆ.

“ಕೀಲಿ ಹಾಕಿಲ್ಲಂದ್ರ ಎಲ್ಲಾರಿಗೂ ಬಿಟ್ಟಂಗ ಅಲ್ಲೇನ್ರೀ” ಎಂಬ ಮಾತು ಹುಡುಗರ ಬಾಯಲ್ಲಿ ಕೇಳಿಬರುತ್ತದೆ. ಬೇಲಿ ಇಲ್ಲದ ಹೊಲದಲ್ಲಿ ದನ ಬಿಟ್ಟವನೂ ಇದೇ ಮಾತನ್ನು ಹೇಳಬಹುದು. ಹೊಲದ ವಿಷಯದಲ್ಲಿ ಅದನ್ನು ಯಾವ ಪಂಚರೂ ಒಪ್ಪುವುದಿಲ್ಲ. ವೈಫೈ ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಅಲ್ಲಿ ಮಾತ್ರ ನಾವು ಸಡಿಲವಾಗಿದ್ದೇವೆ.

ಗಾಳಿಯಲ್ಲಿ ಬರುವ ಪುಕ್ಕಟೆ ವಸ್ತುವಲ್ಲ

ಕಂಪನಿಯಿಂದ ಬಂದ ಗಾಜಿನ ಎಳೆಯ ತಂತಿ ಮನೆಯೊಳಗಿನ ರೂಟರ್ ಎಂಬ ಸಣ್ಣ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆ ರೇಡಿಯೋ ಅಲೆಗಳ ಮೂಲಕ ಸುತ್ತಲಿನ ಮೊಬೈಲ್‌ಗಳಿಗೆ ಸಂಪರ್ಕ ಹಂಚುತ್ತದೆ. ನಮ್ಮ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವುದು ಈ ಅಲೆಗಳಿಗೆ ಕಷ್ಟ. ಆದುದರಿಂದಲೇ ಅಡಿಗೆ ಮನೆಯಲ್ಲಿ ಸಿಗದ ವೈಫೈ, ಪಡಸಾಲೆಯ ಬಾಗಿಲಿನಿಂದ ಹೊರಬಿದ್ದು ಎದುರು ಮನೆಯ ಕಟ್ಟೆಯ ಮೇಲೆ ಚೆನ್ನಾಗಿ ಸಿಗುತ್ತದೆ. ಹಣ ಕಟ್ಟಿದವರಿಗಿಂತ ಕಟ್ಟದವರಿಗೇ ಅನುಕೂಲ!

ಈ ಸಂಪರ್ಕಕ್ಕೂ ಒಂದು ಮಿತಿ ಇದೆ. ಅನೇಕ ಯೋಜನೆಗಳಲ್ಲಿ ತಿಂಗಳಿಗೆ ಇಂತಿಷ್ಟು ಎಂದು ನಿಗದಿಯಾಗಿದ್ದು, ಅದು ಮುಗಿದ ಮೇಲೆ ವೇಗ ಇಳಿದುಹೋಗುತ್ತದೆ. ಬೆಳೆಯ ಒಂದು ಚಿತ್ರ ಹೆಚ್ಚೆಂದರೆ ಮೂರು-ನಾಲ್ಕು ಎಂಬಿ. ಸ್ಪಷ್ಟವಾದ ಸಿನಿಮಾ ಒಂದು ತಾಸು ನೋಡಿದರೆ ಒಂದು ಜಿಬಿಗೂ ಮೇಲೆ, ಅಂದರೆ ಇನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳಷ್ಟು ಖರ್ಚು. ಮಲಪ್ರಭಾ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ನೀರು ತಿರುವಿಕೊಂಡರೆ ಕೆಳಗಿನ ತೂಬಿನಲ್ಲಿ ಏನು ಉಳಿಯುತ್ತದೆಂಬುದು ಅವರಿಗೆ ಗೊತ್ತಿದೆ. ಇಲ್ಲಿಯ ವಿಚಿತ್ರವೆಂದರೆ, ನೀರಿನ ಕರ ಕಟ್ಟಿದ ಮನೆಯವರೇ ಕೊನೆಯ ತೂಬಿನವರಾಗುತ್ತಾರೆ.

ಹೊಣೆ ಯಾರ ಮೇಲೆ?

ಹಣದ ಲೆಕ್ಕ ದೊಡ್ಡದಲ್ಲ. ದೊಡ್ಡದು ಹೊಣೆಯ ಲೆಕ್ಕ. ನಿಮ್ಮ ವೈಫೈ ಮೂಲಕ ಯಾರು ಏನು ಕಳಿಸಿದರೂ ಹೊರಗಿನವರಿಗೆ ಅದು ನಿಮ್ಮ ಸಂಪರ್ಕದಿಂದ ಬಂದದ್ದಾಗಿ ಕಾಣುತ್ತದೆ. ಪ್ರತಿ ಸಂಪರ್ಕಕ್ಕೂ ಆಯಾ ವೇಳೆಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಪೊಲೀಸರು ಕಂಪನಿಯನ್ನು ಕೇಳಿದಾಗ ಆ ಸಂಖ್ಯೆಯ ಮುಂದೆ ಸಿಗುವುದು ಅರ್ಜಿಗೆ ಸಹಿ ಮಾಡಿದವರ ಹೆಸರು. ಕಟ್ಟೆಯ ಮೇಲೆ ಕುಳಿತವರದಲ್ಲ.

ಇದು ಬರೀ ಊಹೆಯಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿ.ವಿ. ಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಹೋಗಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದಾಗ ಮುಟ್ಟಿದ್ದು ನವಿ ಮುಂಬಯಿಯ ಸಾನ್‌ಪಾಡಾದ ಒಂದು ಮನೆಯನ್ನು. ಅಲ್ಲಿದ್ದವರು ಕೆಲಸಕ್ಕಾಗಿ ಬಂದಿದ್ದ ಅಮೆರಿಕದ ಒಬ್ಬ ಗೃಹಸ್ಥರು. ಅವರ ಕಂಪ್ಯೂಟರುಗಳನ್ನು ವಶಪಡಿಸಿಕೊಂಡು ವಿಚಾರಣೆ ನಡೆಸಲಾಯಿತು. ಅವರ ವೈಫೈ ತೆರೆದಿತ್ತು, ಅದನ್ನು ಬೇರೆಯವರು ಬಳಸಿದ್ದರು ಎಂಬುದು ನಂತರ ತಿಳಿದುಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಮುಂಬಯಿಯ ಮಾಟುಂಗಾದ ಒಂದು ಕಾಲೇಜಿನ, ಸೆಪ್ಟೆಂಬರ್‌ನಲ್ಲಿ ಚೆಂಬೂರಿನ ಒಂದು ಕಚೇರಿಯ ವೈಫೈ ಹೀಗೆಯೇ ದುರುಪಯೋಗವಾದವು. 2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ರಸ್ತೆ ರಸ್ತೆ ತಿರುಗಿ ತೆರೆದ ವೈಫೈಗಳನ್ನು ಹುಡುಕಿದರು. ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ವೈಫೈ ಸಂಪರ್ಕಗಳನ್ನು ಭದ್ರಪಡಿಸುವಂತೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ನಮ್ಮ ಹಳ್ಳಿಗೆ ಬಾಂಬಿನವರು ಬರಲಿಕ್ಕಿಲ್ಲ. ಆದರೆ ಯಾರದೋ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಹೆಣ್ಣುಮಕ್ಕಳ ಫೋಟೋ ಹಾಕುವ, ಬೆದರಿಕೆ ಬರೆಯುವ ಹುಡುಗಾಟ ಯಾವ ಊರಿನಲ್ಲಾದರೂ ನಡೆದೀತು. ಆಗ ಠಾಣೆಯಿಂದ ಕರೆ ಬರುವುದು ಉಪಕಾರ ಮಾಡಿದ ಮನೆಗೇ.

ಬಳಸುವವರ ಮೇಲೂ ಕಾನೂನಿದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ, ಒಡೆಯರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿದರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಅಥವಾ ಮೋಸದಿಂದ ಮಾಡಿದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಪಾಸ್‌ವರ್ಡ್ ಇರಲಿಲ್ಲ ಎಂಬುದು ಅನುಮತಿ ಆಗಲಾರದು. ಅಮೆರಿಕದ ಮಿಶಿಗನ್ ರಾಜ್ಯದ ಸ್ಪಾರ್ಟಾ ಎಂಬ ಚಿಕ್ಕ ಊರಿನಲ್ಲಿ 2007ರಲ್ಲಿ ಒಬ್ಬಾತ ಕಾಫಿ ಅಂಗಡಿಯ ಹೊರಗೆ ಕಾರಿನಲ್ಲಿ ಕುಳಿತು ಅಂಗಡಿಯ ತೆರೆದ ವೈಫೈ ಬಳಸಿದ್ದಕ್ಕೆ 400 ಡಾಲರ್ ದಂಡ ತೆತ್ತ. ಅಂಗಡಿಯವರು ದೂರು ಸಹ ಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಬೆಳೆ ಚಿತ್ರ ಏರಿಸಿದ ರೈತನ ಮೇಲೆ ಖಟ್ಲೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. “ಕಾಕಾ, ನಿಮ್ಮ ವೈಫೈ ಸ್ವಲ್ಪ ಹಚ್ಚಿಕೊಳ್ಳಲೇನ್ರೀ?” ಎಂದು ಒಂದು ಮಾತು ಕೇಳಿದರೆ ಅದೇ ಅನುಮತಿ. ಅಷ್ಟಕ್ಕೆ ಬಾಯಿ ಬರದಿದ್ದರೆ ಹೇಗೆ?

ಕೀಲಿ ಹಾಕುವ ಕ್ರಮ

ಸಂಪರ್ಕ ಇದ್ದವರು ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯನ್ನು ನೋಡಬೇಕು. ಅಲ್ಲಿ 192.168.1.1 ಎಂಬಂಥ ಒಂದು ವಿಳಾಸ ಇರುತ್ತದೆ. ಮೊಬೈಲ್ ಅದೇ ವೈಫೈಗೆ ಸೇರಿಕೊಂಡಿರುವಾಗ ಬ್ರೌಸರ್‌ನಲ್ಲಿ ಅದನ್ನು ಒತ್ತಿದರೆ ಪೆಟ್ಟಿಗೆಯ ಒಳಪುಟ ತೆರೆಯುತ್ತದೆ. ಅಲ್ಲಿ ಬದಲಿಸಬೇಕಾದ ಪಾಸ್‌ವರ್ಡ್‌ಗಳು ಎರಡು. ಒಂದು ವೈಫೈನದು, ಇನ್ನೊಂದು ಈ ಒಳಪುಟದ್ದೇ. ಎರಡನೆಯದನ್ನು ಬಹಳ ಜನ ಬದಲಿಸುವುದೇ ಇಲ್ಲ. ಅದು ಹಾಗೇ ಉಳಿದರೆ ವೈಫೈ ಸೇರಿದ ಯಾರಾದರೂ ಪೆಟ್ಟಿಗೆಯ ಯಜಮಾನಿಕೆಯನ್ನೇ ಕೈಗೆ ತೆಗೆದುಕೊಳ್ಳಬಹುದು. ಭದ್ರತೆಯ ವಿಧದಲ್ಲಿ ಡಬ್ಲ್ಯೂಪಿಎ-2 ಅಥವಾ ಡಬ್ಲ್ಯೂಪಿಎ-3 ಎಂಬುದನ್ನು ಆರಿಸಿ; ಡಬ್ಲ್ಯೂಪಿಎಸ್ ಎಂಬ ಗುಂಡಿ ಇದ್ದರೆ ಆರಿಸಿಬಿಡಿ, ಅಂದರೆ ಬಂದ್ ಮಾಡಿ. ಪಾಸ್‌ವರ್ಡ್ ಹನ್ನೆರಡು ಅಕ್ಷರಕ್ಕೆ ಕಡಿಮೆ ಇರಬಾರದು. ಮೊಬೈಲ್ ಸಂಖ್ಯೆ, ಮಗನ ಹೆಸರು ಬೇಡ. ಹೊಲದ ಹೆಸರು, ಎತ್ತಿನ ಹೆಸರು, ನಡುವೆ ಒಂದೆರಡು ಅಂಕಿ ಸೇರಿಸಿದರೆ ನಿಮಗೆ ನೆನಪಿರುತ್ತದೆ, ಪರರಿಗೆ ಹೊಳೆಯುವುದಿಲ್ಲ. ಇದು ತಿಳಿಯದಿದ್ದರೆ ಸಂಪರ್ಕ ಹಾಕಲು ಬಂದ ಹುಡುಗನಿಂದಲೇ, ನಿಮ್ಮ ಕಣ್ಣೆದುರಿಗೆ ಮಾಡಿಸಿಕೊಳ್ಳಿರಿ.

ನೆರೆಯವರಿಗೆ ಕೊಡುವುದೇ ಬೇಡವೆ? ಕೊಡಿ. ಅನೇಕ ಪೆಟ್ಟಿಗೆಗಳಲ್ಲಿ ‘ಗೆಸ್ಟ್’ ಎಂಬ ಎರಡನೆಯ ವೈಫೈ ಮಾಡಿಕೊಳ್ಳಲು ಬರುತ್ತದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು ನೆರೆಯವರಿಗೆ ಹೇಳಬಹುದು, ಸುಗ್ಗಿಗೊಮ್ಮೆ ಬದಲಿಸಬಹುದು. ಬಂದವರಿಗೆ ಪಡಸಾಲೆ ಬಿಟ್ಟುಕೊಟ್ಟು ಒಳಮನೆಯ ಬಾಗಿಲು ಹಾಕಿಕೊಂಡಂತೆ ಇದು. ಆದರೂ ಹೊಣೆ ಯಜಮಾನರದೇ ಆಗಿರುವುದರಿಂದ ಗುರುತಿದ್ದವರಿಗಷ್ಟೇ ಕೊಡತಕ್ಕದ್ದು. ಹಣ ಪಡೆದು ಹಂಚುವುದಂತೂ ಬೇಡ. ಮನೆಬಳಕೆಯ ಸಂಪರ್ಕದ ಕರಾರಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿರುವುದಿಲ್ಲ.

ಕಿರಾಣಿ ಅಂಗಡಿಯವರು, ಚಹಾದಂಗಡಿಯವರು ಹಣ ಪಡೆದು ವೈಫೈ ಹಂಚಬೇಕೆಂದರೆ ನೇರ ದಾರಿಯೇ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಅಂಗಡಿಯವರು ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ಸಾರ್ವಜನಿಕ ವೈಫೈ ನಡೆಸಬಹುದು. ಬಳಸುವವರು ತಮ್ಮ ಮೊಬೈಲ್ ಸಂಖ್ಯೆಯಿಂದ ಗುರುತು ಕೊಟ್ಟೇ ಒಳಗೆ ಬರುತ್ತಾರೆ. ಇಂಥ ಅಂಗಡಿಗೆ ಸರ್ಕಾರ ಇಟ್ಟ ಹೆಸರು ‘ಪಬ್ಲಿಕ್ ಡೇಟಾ ಆಫೀಸ್’, ಸಂಕ್ಷೇಪವಾಗಿ ಪಿಡಿಓ. ನಮ್ಮ ಪಂಚಾಯತಿಯ ಪಿಡಿಓ ಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ.

ಬೇರೆಯವರ ವೈಫೈನಲ್ಲಿ ಯಾವ ಕೆಲಸ?

ಬ್ಯಾಂಕಿನ ಆ್ಯಪ್‌ಗಳು ಮಾಹಿತಿಯನ್ನು ಗುಪ್ತಲಿಪಿಗೆ ಬದಲಿಸಿ ಕಳಿಸುವುದರಿಂದ, ಪಕ್ಕದಲ್ಲಿ ಕುಳಿತವರು ಗಾಳಿಯಲ್ಲಿ ಹಣ ಹಿಡಿದುಕೊಂಡಾರೆಂಬ ಭಯ ಹೆಚ್ಚಿನ ಮಟ್ಟಿಗೆ ಅನವಶ್ಯ. ಅಪಾಯ ಇರುವುದು ಬೇರೆ ಕಡೆ. ಪರಿಚಿತ ಹೆಸರನ್ನೇ ಇಟ್ಟು ಸುಳ್ಳು ವೈಫೈ ಹರಡಲು ಬರುತ್ತದೆ. ಅದರ ಮೂಲಕ ಬ್ಯಾಂಕಿನದೇ ಎನಿಸುವ ನಕಲಿ ಪುಟ ತೋರಿಸಲು ಬರುತ್ತದೆ. ಆದುದರಿಂದ ಹಣದ ಕೆಲಸ, ಪಿಎಂ-ಕಿಸಾನ್ ಇ-ಕೆವೈಸಿ ಇಂಥವನ್ನು ಸ್ವಂತ ಮೊಬೈಲ್ ಡೇಟಾದಲ್ಲಿ ಮಾಡುವುದು ಒಳ್ಳೆಯದು. ವೈಫೈ ಜೊತೆಗೆ ಓಟಿಪಿಯನ್ನೂ ಓಣಿಯ ಹುಡುಗನ ಕೈಗೆ ಕೊಡಬಾರದು. ಮೋಸವಾಗಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ.

ಬೆಳೆ ಸಮೀಕ್ಷೆಯ ಚಿತ್ರ ಏರಿಸಲು ಮಾತ್ರ ನೆರೆಯವರ ವೈಫೈ, ಕೇಳಿ ಪಡೆದದ್ದಾದರೆ, ಧಾರಾಳವಾಗಿ ಸಾಕು. ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೇ ವಿಮೆಗೂ, ಬೆಂಬಲ ಬೆಲೆಯ ಖರೀದಿಗೂ, ಪರಿಹಾರಕ್ಕೂ ಆಧಾರವಾಗುವುದರಿಂದ ಕೊನೆಯ ದಿನದವರೆಗೆ ಕಾಯಬಾರದು. ಊರಿನ ಅರಿವು ಕೇಂದ್ರದಲ್ಲಿ ಅಥವಾ ಪಂಚಾಯತಿಯಲ್ಲಿ ವೈಫೈ ಇದೆಯೇ ಎಂದು ವಿಚಾರಿಸಿರಿ.

ಕೊಯ್ದು ಹೊಲದಲ್ಲಿ ಹರಡಿದ ಹೆಸರು ಅಕಾಲಿಕ ಮಳೆಗೆ ಸಿಕ್ಕು ಹಾಳಾದಾಗ ವಿಮೆ ಮಾಡಿಸಿದವರು 72 ತಾಸಿನೊಳಗೆ ತಿಳಿಸಬೇಕೆಂಬ ನಿಯಮವಿದೆ. ಇದಕ್ಕೆ ಆ್ಯಪ್ ಬೇಕೇ ಬೇಕು ಎಂದುಕೊಂಡು ರಾತ್ರಿ ವೈಫೈ ಹುಡುಕುತ್ತ ಅಲೆಯುವುದು ಬೇಡ. 14447 ಸಂಖ್ಯೆಗೆ ಸಾದಾ ಫೋನಿನಿಂದ ಕರೆ ಮಾಡಿ ತಿಳಿಸಿದರೂ ನಡೆಯುತ್ತದೆ. ಕರೆ ಮಾಡುವಾಗ ಸರ್ವೆ ನಂಬರು, ಬೆಳೆ, ಹಾನಿಯಾದ ದಿನ ಇವನ್ನು ಬರೆದಿಟ್ಟುಕೊಂಡಿರಿ. ಅತ್ತಲಿನವರು ಕೊಡುವ ದೂರಿನ ಸಂಖ್ಯೆಯನ್ನೂ ಬರೆದುಕೊಳ್ಳಿರಿ.